ಮುಖದ ಮೇಲಿನ ರವೆ

ಕತ್ತಲೆಯನ್ನು ಹುಡುಕಿಕೊಂಡು ಅಲೆಯುವವನಿಗೆ ಕತಾರ್‌ನಷ್ಟು ಕಷ್ಟದ ದೇಶ ಇನ್ನೊಂದಿರಲಾರದು. ಇಲ್ಲಿ ನಾವು ಕಣ್ಣು ಬಿಡುವ ಮೊದಲೇ ಬೆಳಕು ಪರದೆಯ ಸಂದಿಯಿಂದ ನುಸುಳಿ ಬಂದು ಹಾಸಿಗೆಯ ಪಕ್ಕದಲ್ಲಿ ಕೂತಿರುತ್ತದೆ. ಹೊರಗೆ ಕಾಲಿಟ್ಟರೆ ನೆಲದಿಂದ, ಗೋಡೆಯಿಂದ, ಮುಂದಿನ ಕಾರಿನ ಬೆನ್ನಿನಿಂದ ಪುಟಿದು ಕಣ್ಣಿಗೆ ಹೊಡೆಯುತ್ತದೆ. ಸೂರ್ಯ ಮುಳುಗಿದ ಮೇಲಾದರೂ ಸ್ವಲ್ಪ ಕತ್ತಲಾಗಬೇಕಲ್ಲ, ಅದೂ ಇಲ್ಲ. ಬೀದಿದೀಪ, ಅಂಗಡಿಯ ಫಲಕ, ಎದುರು ಕಟ್ಟಡದ ಮೆಟ್ಟಿಲ ದೀಪ, ಎಲ್ಲ ಸೇರಿ ದೋಹಾದ ಅಲ್ ಮುಂತಜಾ ಬಡಾವಣೆಯ ನಮ್ಮ ಫ್ಲಾಟಿನಲ್ಲಿ ದೀಪ ಹಾಕದೆಯೇ ಬೆಳ್ಳುಳ್ಳಿ ಸುಲಿಯಬಹುದು. ಇಂಥ ಊರಿನಲ್ಲಿ ಐವತ್ತರ ಹತ್ತಿರ ಬಂದ ಗೃಹಸ್ಥನೊಬ್ಬ ಶುಕ್ರವಾರ ಮಧ್ಯಾಹ್ನ ಹೆಂಡತಿಯನ್ನು ಸ್ಟೋರ್ ರೂಮಿನೊಳಗೆ ಅಕ್ಕಿಮೂಟೆಯ ಮೇಲೆ ಕೂರಿಸಿ ಬಾಗಿಲು ಹಾಕಿಕೊಂಡ ಎಂದರೆ ಕೇಳಿದವರು ಏನೆಂದುಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಆದ್ದರಿಂದ ಮೊದಲಿನಿಂದಲೇ ಹೇಳುವುದು ಒಳ್ಳೆಯದು.

ನನ್ನ ಕೆಲಸ ಬೆಸುಗೆ ನೋಡುವುದು. ನಮ್ಮ ಕಾರ್ಖಾನೆಯಲ್ಲಿ ಅನಿಲದ ಪೈಪುಗಳನ್ನು ಒಂದಕ್ಕೊಂದು ಬೆಸೆಯುತ್ತಾರೆ. ಬೆಸೆದ ಜಾಗಕ್ಕೆ ಎಕ್ಸ್‌ರೇ ಹಿಡಿದು ಫಿಲ್ಮು ತೆಗೆಯುತ್ತಾರೆ. ಆ ಫಿಲ್ಮನ್ನು ಹಿಂದಿನಿಂದ ಬೆಳಕು ಬರುವ ಪೆಟ್ಟಿಗೆಯ ಮೇಲಿಟ್ಟು, ಅದರಲ್ಲಿ ಕಾಣುವ ಸಣ್ಣ ಚುಕ್ಕೆ ಬರೀ ಫಿಲ್ಮಿನ ಕಾಳೋ ಅಥವಾ ಒಳಗಿನ ಬಿರುಕೋ ಎಂದು ನಾನು ಹೇಳಬೇಕು. ನಾನು ಸರಿ ಎಂದರೆ ಪೈಪು ಮುಂದಕ್ಕೆ ಹೋಗುತ್ತದೆ, ಅಲ್ಲ ಎಂದರೆ ಕತ್ತರಿಸಿ ಮತ್ತೆ ಬೆಸೆಯಬೇಕು. ಇಂಥ ಕೆಲಸವನ್ನು ಬಹಳ ವರ್ಷ ಮಾಡಿದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಹೋಟೆಲಿನಲ್ಲಿ ಚಹಾ ಬಂದರೆ ಮೊದಲು ಕಾಣುವುದು ಕಪ್ಪಿನ ಅಂಚಿನ ಸೀಳು. ಯಾರದೋ ಹೊಸ ಮನೆಗೆ ಊಟಕ್ಕೆ ಹೋದರೆ ಕಣ್ಣು ತನ್ನಷ್ಟಕ್ಕೇ ಚಾವಣಿಯ ಮೂಲೆಗೆ ಓಡುತ್ತದೆ. "ನನ್ನನ್ನು ನೋಡ್ಲಿಕ್ಕೆ ಬಂದಾಗ ನೀವು ಹೇಗೆ ಒಪ್ಪಿದ್ರಿ ಅಂತ ನನಗೆ ಈಗ್ಲೂ ಆಶ್ಚರ್ಯ" ಎಂದು ನನ್ನ ಹೆಂಡತಿ ವಿನಯಾ ಆಗಾಗ ಹೇಳುವುದುಂಟು. ಆಗ ನನಗೆ ಈ ಕೆಲಸ ಸಿಕ್ಕಿರಲಿಲ್ಲ ಎಂದು ನಾನು ಒಮ್ಮೆ ಉತ್ತರ ಕೊಟ್ಟಿದ್ದೆ. ಅದು ಕೊಡಬಾರದಾಗಿದ್ದ ಉತ್ತರ ಎಂಬುದು ಆ ಸಂಜೆಯ ಸಾರಿನಲ್ಲಿ ಗೊತ್ತಾಯಿತು.

ಕಾರ್ಖಾನೆ ಊರಿನಿಂದ ದೂರ, ಒಂದು ಗಂಟೆಗೂ ಮೀರಿದ ದಾರಿ. ನಾವು ಮೂವರು ಒಂದೇ ಕಾರಿನಲ್ಲಿ ಹೋಗಿ ಬರುತ್ತೇವೆ. ಕಾರು ಜಯಕರ ಶೆಟ್ಟರದು. ಕಾಪು ಕಡೆಯವರು, ಕಾರ್ಖಾನೆಯ ಉಗ್ರಾಣದ ಮೇಲ್ವಿಚಾರಕರು, ಓಲ್ಡ್ ಏರ್‌ಪೋರ್ಟ್ ಪ್ರದೇಶದಲ್ಲಿ ಮನೆ. ಅವರ ಮನೆಯ ಹಿಂದಿನ ಬೀದಿಯಲ್ಲೇ ಬಸನಗೌಡ ಪಾಟೀಲರಿದ್ದಾರೆ. ಜಮಖಂಡಿಯವರು, ವೆಲ್ಡಿಂಗ್ ವಿಭಾಗದ ಮುಖ್ಯಸ್ಥರು. ಅಂದರೆ ಅವರ ಕಡೆಯವರು ಬೆಸೆದದ್ದನ್ನು ನಾನು ತಪ್ಪೆನ್ನುವುದು, ಸಂಜೆ ಅವರ ಜೊತೆಗೇ ಮನೆಗೆ ಬರುವುದು. ಇಷ್ಟು ವರ್ಷ ಇದರಿಂದ ಒಂದು ಮಾತೂ ಹೆಚ್ಚುಕಡಿಮೆ ಆದದ್ದಿಲ್ಲ. ಗುರುವಾರ ಬೆಳಿಗ್ಗೆ ಪಾಟೀಲರ ಮನೆಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ನನಗಾಗಿ ಕಾರಿಗೆ ಬರುತ್ತಿತ್ತು. ಕಾರು ಶೆಟ್ಟರದು, ರೊಟ್ಟಿ ಪಾಟೀಲರದು, ಹಿಂದಿನ ಸೀಟಿನಲ್ಲಿ ಪಾಟೀಲರ ಪಕ್ಕ ಕೂತು ಎರಡನ್ನೂ ಅನುಭವಿಸುವ ಪುಣ್ಯ ನನ್ನದು. ಜೀವನ ಇದಕ್ಕಿಂತ ಚೆನ್ನಾಗಿರಲು ಸಾಧ್ಯವಿಲ್ಲ ಎಂದು ನನಗೆ ಒಂದೊಂದು ಸಲ ಅನ್ನಿಸಿದ್ದೂ ಇದೆ. ಹಾಗೆ ಅನ್ನಿಸಿದ ಚಳಿಗಾಲದಲ್ಲೇ ಇಬ್ಬರೂ ಹೊಸ ಕ್ಯಾಮೆರಾ ಕೊಂಡರು.

ಕೊಂಡದ್ದು ಬೇರೆ ಬೇರೆ ಕಂಪನಿಯದು. ಕ್ಯಾಮೆರಾ ಇಟ್ಟುಕೊಂಡವರ ಪರಿಚಯ ಇಲ್ಲದವರಿಗೆ ಈ ಮಾತಿನ ಗಾಂಭೀರ್ಯ ಗೊತ್ತಾಗಲಿಕ್ಕಿಲ್ಲ. ಜಾತಿ, ಪಕ್ಷ, ಕ್ರಿಕೆಟ್ಟು, ಯಾವುದರಲ್ಲಿ ಬೇಕಾದರೂ ಗಲ್ಫಿನ ಕನ್ನಡಿಗರು ಹೊಂದಿಕೊಂಡಾರು. ಕ್ಯಾಮೆರಾ ಕಂಪನಿಯ ವಿಷಯದಲ್ಲಿ ಹೊಂದಾಣಿಕೆ ಇಲ್ಲ. ಅದರಲ್ಲೂ ಜಗಳವೆಲ್ಲ ಐಎಸ್ಒ ಎಂಬ ಒಂದು ಸಂಖ್ಯೆಯ ಮೇಲೆ. ಬೆಳಕು ಕಡಿಮೆಯಿರುವ ಕಡೆ ಫೋಟೋ ತೆಗೆಯಬೇಕಾದರೆ ಈ ಸಂಖ್ಯೆಯನ್ನು ಮೇಲೇರಿಸಬೇಕು. ದೂರದ ರೇಡಿಯೋ ಸ್ಟೇಷನ್ ಕೇಳಿಸದಿದ್ದರೆ ವಾಲ್ಯೂಮ್ ತಿರುಗಿಸುತ್ತೇವಲ್ಲ, ಹಾಗೆ. ತಿರುಗಿಸಿದರೆ ಹಾಡಿನ ಜೊತೆಗೆ ಗೊರಗೊರ ಸದ್ದೂ ಜೋರಾಗುವಂತೆ, ಫೋಟೋದಲ್ಲಿ ಸಣ್ಣ ಸಣ್ಣ ಕಾಳುಗಳು ಎದ್ದು ಬರುತ್ತವೆ. ಅದಕ್ಕೆ ನಾಯ್ಸ್ ಎನ್ನುತ್ತಾರೆ. ಯಾವ ಕ್ಯಾಮೆರಾದಲ್ಲಿ ಐಎಸ್ಒ ಎಷ್ಟು ಏರಿಸಿದರೂ ಕಾಳು ಕಡಿಮೆಯೋ ಅದೇ ಶ್ರೇಷ್ಠ. ಇಷ್ಟೇ ಶಾಸ್ತ್ರ. ಉಳಿದದ್ದೆಲ್ಲ ದ್ವೇಷ.

ಏಪ್ರಿಲಿನಲ್ಲಿ ನಮ್ಮ ಸಹೋದ್ಯೋಗಿಯೊಬ್ಬರು ಕೆಲಸ ಬಿಟ್ಟು ಊರಿಗೆ ಹೊರಟರು. ಅವರಿಗೆ ಒಂದು ಹೋಟೆಲಿನಲ್ಲಿ ಬೀಳ್ಕೊಡುಗೆ ಊಟ. ಹೋಟೆಲಿನವರು ಅಲಂಕಾರಕ್ಕೆಂದು ಎಲ್ಲ ದೀಪಗಳನ್ನೂ ಹಿತ್ತಾಳೆಯ ಬುಟ್ಟಿಗಳ ಒಳಗೆ ಬಚ್ಚಿಟ್ಟಿದ್ದರು. ತಟ್ಟೆಯಲ್ಲಿರುವುದು ಕೋಳಿಯೋ ಬದನೆಯೋ ಬಾಯಿಗೆ ಹಾಕಿದ ಮೇಲೆಯೇ ತಿಳಿಯಬೇಕು. ಶೆಟ್ಟರೂ ಪಾಟೀಲರೂ ತಮ್ಮ ತಮ್ಮ ಕ್ಯಾಮೆರಾ ಹಿಡಿದು ಆ ಕತ್ತಲೆಯಲ್ಲಿ ಊಟ ಬಿಟ್ಟು ಓಡಾಡಿದರು. ಮರುದಿನ ಬೆಳಿಗ್ಗೆ ಪೆಟ್ರೋಲ್ ಬಂಕಿನಲ್ಲಿ ಕಾರು ನಿಂತಾಗ ಶೆಟ್ಟರು ಮೊಬೈಲಿಗೆ ಇಳಿಸಿಕೊಂಡಿದ್ದ ಒಂದು ಫೋಟೋವನ್ನು ಹಿಂದಕ್ಕೆ ದಾಟಿಸಿದರು. ಅವರ ಹೆಂಡತಿ ಸೀರೆಯ ಸೆರಗು ಸರಿಮಾಡಿಕೊಂಡು ನಗುತ್ತಿರುವ ಚಿತ್ರ. ಪಾಟೀಲರು ಎರಡು ಬೆರಳಿನಲ್ಲಿ ಅದನ್ನು ಹಿಗ್ಗಿಸಿದರು, ಇನ್ನೂ ಹಿಗ್ಗಿಸಿದರು.

"ಛಲೋ ಐತ್ರಿ ಶೆಟ್ಟರ" ಎಂದರು. "ಆದ್ರ ಅಕ್ಕಾರ ಮಾರಿ ಮ್ಯಾಲ ಯಾರೋ ರವಾ ಚೆಲ್ಲ್ಯಾರಲ್ಲ."

ಶೆಟ್ಟರು ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿದರು. "ಹೌದಾ? ನಿಮ್ಮದೂ ಕಾಣ್ವ."

ಪಾಟೀಲರು ತಮ್ಮ ಮೊಬೈಲು ಕೊಟ್ಟರು. ಅವರ ಹೆಂಡತಿಯ ಚಿತ್ರ, ಅದೇ ಮೇಜು, ಅದೇ ಕತ್ತಲೆ. ಶೆಟ್ಟರು ನಿಧಾನವಾಗಿ ನೋಡಿ ಹಿಂದಕ್ಕೆ ಕೊಟ್ಟರು. "ರವೆ ಇಲ್ಲ, ಒಪ್ಪುವ. ಆದ್ರೆ ಮುಖವೂ ಇಲ್ಲ ಮಾರಾಯ್ರೆ. ಮೇಣ ಹಚ್ಚಿದ ಹಾಗೆ ಉಂಟು. ಮೂಗು ಎಲ್ಲಿ ಮುಗೀತದೆ, ಗಲ್ಲ ಎಲ್ಲಿ ಶುರುವಾಗ್ತದೆ ಅಂತ ಗೊತ್ತೇ ಆಗುದಿಲ್ಲ."

ಇಬ್ಬರೂ ಕ್ಯಾಮೆರಾದ ವಿಷಯ ಹೇಳಿದ್ದು. ಇಬ್ಬರಿಗೂ ಕೇಳಿಸಿದ್ದು ಹೆಂಡತಿಯ ವಿಷಯ.

ಮಾತು ಬಿಟ್ಟ ಇಬ್ಬರ ನಡುವೆ ಮರಳುಗಾಡಿನ ನೇರ ರಸ್ತೆಯಲ್ಲಿ ದಿನಾ ಹೋಗಿಬರುವುದು ಹೇಗಿರುತ್ತದೆ ಎಂದು ನಾನು ವಿವರಿಸಲಾರೆ. ಹೊರಗೆ ನೋಡಲು ಒಂದು ಗಿಡವೂ ಇಲ್ಲ. "ಸದಾಶಿವಣ್ಣ, ಏಸಿ ಜಾಸ್ತಿ ಆಯ್ತಾ ಅಂತ ನಿಮ್ಮ ಪಕ್ಕದವರನ್ನು ಕೇಳಿ" ಎಂದು ಶೆಟ್ಟರು ಹೇಳುವುದು. "ಸದಾಶಿವರ, ನಮಗೇನೂ ತೊಂದ್ರಿ ಇಲ್ಲಂತ ಡ್ರೈವರ್‌ಗೆ ಹೇಳ್ರಿ" ಎಂದು ಪಾಟೀಲರು ಹೇಳುವುದು. ಮೂರಡಿ ದೂರದಲ್ಲಿರುವ ಇಬ್ಬರ ಮಾತನ್ನು ನಾನು ಅತ್ತಿಂದಿತ್ತ ಸಾಗಿಸಬೇಕು. ಡ್ರೈವರ್ ಎಂಬ ಪದವನ್ನು ಮಾತ್ರ ದಾರಿಯಲ್ಲೇ ಇಳಿಸಿಬಿಡುತ್ತಿದ್ದೆ. ಗುರುವಾರದ ಡಬ್ಬಿಯೂ ಬರಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಟ್ರಾಫಿಕ್ಕಿನಲ್ಲಿ ಕಾರು ನಿಂತಿದ್ದಾಗ ಶೆಟ್ಟರು ಸ್ಟೇರಿಂಗಿನ ಕಡೆ ನೋಡುತ್ತಲೇ ಹೇಳಿದರು: "ಇದು ಹೀಗೆ ಬಗೆಹರಿಯುದಿಲ್ಲ. ಕಾಳು ಯಾವುದು, ಬಿರುಕು ಯಾವುದು ಅಂತ ನೋಡುದೇ ನಿಮ್ಮ ಕೆಲಸ ಅಲ್ವಾ ಸದಾಶಿವಣ್ಣ. ಎರಡೂ ಕ್ಯಾಮೆರಾ ನೀವು ಇಟ್ಕೊಳ್ಳಿ. ಪರೀಕ್ಷೆ ಮಾಡಿ. ಯಾವುದು ಒಳ್ಳೇದು ಅಂತ ನೀವು ಹೇಳಿದ್ರೆ ಖಲಾಸ್."

"ನನ್ನ ತಕರಾರಿಲ್ರಿ" ಎಂದರು ಪಾಟೀಲರು ಕಿಟಕಿಗೆ. "ಸದಾಶಿವರ ಕಣ್ಣಿನ ಮ್ಯಾಲ ನನಗ ಭರವಸೆ ಐತಿ. ಎಷ್ಟು ಸಲ ನನ್ನ ವೆಲ್ಡ್ ರಿಜೆಕ್ಟ್ ಮಾಡ್ಯಾರ."

ಬುದ್ಧಿಯಿರುವವನು ಆ ಕ್ಷಣ ಕಾರಿಳಿದು ಟ್ಯಾಕ್ಸಿ ಹಿಡಿಯುತ್ತಿದ್ದ. ಶೆಟ್ಟರದು ಒಳ್ಳೆಯದೆಂದರೆ ರೊಟ್ಟಿ ಹೋಯಿತು, ಪಾಟೀಲರದೆಂದರೆ ಕಾರು ಹೋಯಿತು. ಅಷ್ಟೂ ಹೊಳೆಯಲಿಲ್ಲವೆಂದಲ್ಲ. ಹೊಳೆದರೂ, ಇಬ್ಬರು ದೊಡ್ಡ ಮನುಷ್ಯರು ನನ್ನ ಕಣ್ಣಿಗೆ ಮರ್ಯಾದೆ ಕೊಟ್ಟರಲ್ಲ ಎಂಬ ಸುಖದಲ್ಲಿ "ನೋಡೋಣ" ಎಂದುಬಿಟ್ಟೆ. ನನ್ನದೆಂದು ಹೇಳಿಕೊಳ್ಳುವ ಒಂದು ಕ್ಯಾಮೆರಾ ಕೂಡ ನನ್ನ ಹತ್ತಿರ ಇರಲಿಲ್ಲ.

ಒಪ್ಪಿಕೊಂಡ ದಿನದಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಐಎಸ್ಒ ಪರೀಕ್ಷೆ ಹೇಗೆ ಮಾಡಬೇಕೆಂದು ಅಂತರ್ಜಾಲದಲ್ಲಿ ಹುಡುಕಿದೆ. ಲೋಕದ ನಾನಾ ಮೂಲೆಗಳಲ್ಲಿ ಬಲ್ಲವರು ನೂಲಿನ ಉಂಡೆ, ಬಣ್ಣದ ಪೆನ್ಸಿಲು, ಔಷಧಿ ಶೀಶೆ, ಬೊಂಬೆಗಳನ್ನು ಸಾಲಾಗಿ ಜೋಡಿಸಿ ಕತ್ತಲೆಯಲ್ಲಿ ಫೋಟೋ ತೆಗೆದು, ಅದರ ಒಂದು ಮೂಲೆಯನ್ನು ಹಿಗ್ಗಿಸಿ, ನೆರಳಿನಲ್ಲಿ ಹಸಿರು ಕಾಳು ಹೆಚ್ಚೋ ಕೆಂಪು ಕಾಳು ಹೆಚ್ಚೋ ಎಂದು ಪುಟಗಟ್ಟಲೆ ಬಡಿದಾಡಿದ್ದರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪಿರಲಿಲ್ಲ. ಓದುತ್ತಾ ಓದುತ್ತಾ ನನ್ನ ಕಣ್ಣೂ ಹಾಗೆಯೇ ಆಯಿತು. ಸೂಪರ್ ಮಾರ್ಕೆಟಿನಲ್ಲಿ ಬಿಲ್ ಮಾಡುವ ಹುಡುಗಿಯ ಗಲ್ಲದ ನೆರಳಿನಲ್ಲಿ ಕಾಳು ಹುಡುಕಿದೆ. ಅವಳು ಪಕ್ಕದವಳನ್ನು ಕರೆದು ಮಲಯಾಳದಲ್ಲಿ ಏನೋ ಹೇಳಿದ ಮೇಲೆ ಎಚ್ಚರವಾಗಿ ಚೀಲ ಎತ್ತಿಕೊಂಡು ಹೊರಟೆ. ಊಟಕ್ಕೆ ಕೂತರೆ ಎದ್ದು ಕಿಟಕಿಯ ಪರದೆ ಎಳೆದು ನೋಡುವುದು, ಟೀವಿ ಆರಿಸುವುದು, ಮತ್ತೆ ಹಾಕುವುದು. "ನಿಮಗೆ ಎಂತಾದ್ರೂ ಕಳೆದುಹೋಗಿದೆಯಾ?" ಎಂದು ವಿನಯಾ ಕೇಳಿದಳು. ಕತ್ತಲೆ ಹುಡುಕುತ್ತಿದ್ದೇನೆ ಎಂದೆ.

ಮನೆಯಲ್ಲಿ ಸರಿಯಾದ ಕತ್ತಲೆಯಿದ್ದದ್ದು ಒಂದೇ ಕಡೆ, ಅಡುಗೆಮನೆಯ ಪಕ್ಕದ ಸ್ಟೋರ್ ರೂಮು. ಕಿಟಕಿಯಿಲ್ಲ, ಏಸಿಯೂ ಇಲ್ಲ. ಒಂದು ಬಡಕಲು ಬಲ್ಬು. ಶುಕ್ರವಾರ ರಜೆ, ಮಧ್ಯಾಹ್ನ ಎರಡೂ ಕ್ಯಾಮೆರಾಗಳನ್ನು ಒಳಗೊಯ್ದೆ. ನ್ಯಾಯ ಮಾಡುವವನು ಪಕ್ಷಪಾತಿಯಾಗಬಾರದಲ್ಲ, ಅದಕ್ಕಾಗಿ ಎರಡರ ಕುತ್ತಿಗೆಪಟ್ಟಿಯನ್ನೂ ಬಿಚ್ಚಿ, ಕಂಪನಿಯ ಹೆಸರಿನ ಮೇಲೆ ಕಪ್ಪು ಟೇಪು ಅಂಟಿಸಿದೆ. ಈಗ ಎರಡೂ ಒಂದೇ ಥರ ಕಾಣುತ್ತಿದ್ದವು. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಚಿತ್ರಗಳೆಲ್ಲ ಒಂದೇ ಕಡೆ ಇರಲೆಂದು ಒಂದೇ ಮೆಮರಿ ಕಾರ್ಡನ್ನು ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ಹಾಕುವುದು ಎಂದು ತೀರ್ಮಾನಿಸಿದೆ. ಯಾವ ಫೋಟೋ ಯಾವ ಕ್ಯಾಮೆರಾದ್ದು ಎಂಬುದು ಫೋಟೋದ ಒಳಗೇ ದಾಖಲಾಗಿರುತ್ತದೆ. ಅದನ್ನು ತೀರ್ಪಿನ ನಂತರ ಎಲ್ಲರೆದುರು ತೆರೆದರಾಯಿತು.

ಮೊದಲು ಉಪ್ಪಿನಕಾಯಿ ಭರಣಿಯ ಫೋಟೋ ತೆಗೆದೆ. ಆದರೆ ಜಗಳವಿದ್ದದ್ದು ಮುಖದ ಮೇಲಿನ ಕಾಳಿನದು, ಭರಣಿಗೆ ಮುಖವಿಲ್ಲ. ವಿನಯಾಳನ್ನು ಕರೆದೆ.

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಅಕ್ಕಿಮೂಟೆಯ ಮೇಲೆ ಕೂತಳು. ಬಾಗಿಲು ಹಾಕಿದೆ. ಸೆಕೆಗೆ ಇಬ್ಬರ ಮುಖದ ಮೇಲೂ ಬೆವರಿಳಿಯತೊಡಗಿತು. "ನಾವಿಬ್ಬರೂ ಹೀಗೆ ಒಟ್ಟಿಗೆ ಒಂದು ಕಡೆ ಕೂತು ಎಷ್ಟು ಸಮಯ ಆಯ್ತು ಅಲ್ವಾ" ಎಂದಳು. ನಾನು "ಗಲ್ಲ ಸ್ವಲ್ಪ ಎತ್ತು" ಎಂದೆ. ಎತ್ತಿದಳು. ಮೊದಲನೆಯ ಕ್ಯಾಮೆರಾದಲ್ಲಿ ಐಎಸ್ಒ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ ತೆಗೆದೆ. ಕಾರ್ಡು ಹೊರಗೆ ತೆಗೆದು ಶೆಲ್ಫಿನಲ್ಲಿಟ್ಟೆ, ಅದರ ಪಕ್ಕದಲ್ಲಿ ಕ್ಯಾಮೆರಾ ಇಟ್ಟೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು, ಅದರ ಹಿಂದೆಯೇ ಕರೆಗಂಟೆ ಹೊಡೆಯಿತು. ಅವಳು ಒಲೆಯ ಕಡೆ ಓಡಿದಳು, ನಾನು ಬಾಗಿಲಿಗೆ. ಕಿರಾಣಿ ಅಂಗಡಿಯಿಂದ ನೀರಿನ ಕ್ಯಾನು ಬಂದಿತ್ತು. ಅದನ್ನು ಒಳಗಿಟ್ಟು, ಬೆವರು ಒರೆಸಿಕೊಂಡು, ಇಬ್ಬರೂ ಮತ್ತೆ ಕತ್ತಲೆಗೆ ಬಂದೆವು. ಕಾರ್ಡನ್ನು ಎರಡನೆಯ ಕ್ಯಾಮೆರಾಕ್ಕೆ ಹಾಕಿ ಮತ್ತೆ ಮೆಟ್ಟಿಲು ಮೆಟ್ಟಿಲಾಗಿ ತೆಗೆದೆ. ಈ ಸಲ ವಿನಯಾ ಏನೋ ಹೇಳುತ್ತಿದ್ದಳು. ಶಾಲೆ ಎಂಬ ಮಾತು ಬಂತು, ಭಾನುವಾರ ಎಂಬ ಮಾತೂ ಬಂತೆಂದು ನೆನಪು. ಅಷ್ಟು ಕತ್ತಲೆಯಲ್ಲಿ ಕೈ ಸ್ವಲ್ಪ ಅಲುಗಿದರೂ ಪರೀಕ್ಷೆ ಕೆಡುತ್ತದೆ. ನಾನು ಉಸಿರು ಬಿಗಿಹಿಡಿದು "ಹೂಂ" ಎಂದೆ. ಅವಳು ಇನ್ನೊಮ್ಮೆ ಕೇಳಿದಳು. ಇನ್ನೊಮ್ಮೆ "ಹೂಂ" ಎಂದೆ.

ಮುಂದಿನ ವಾರವಿಡೀ ಕಾರ್ಖಾನೆಯಿಂದ ಬಂದೊಡನೆ ಲ್ಯಾಪ್‌ಟಾಪಿನ ಮುಂದೆ. ಮೊದಲ ಕ್ಯಾಮೆರಾದ್ದಕ್ಕೆ ಎ ಎಂದೂ ಎರಡನೆಯದಕ್ಕೆ ಬಿ ಎಂದೂ ಹೆಸರಿಟ್ಟು ಅಕ್ಕಪಕ್ಕ ಇಟ್ಟುಕೊಂಡೆ. ಒಂದಕ್ಕೆ ನಾಲ್ಕರಷ್ಟು ಹಿಗ್ಗಿಸಿದೆ. ಹೆಂಡತಿಯ ಕಿವಿಯ ಹಿಂದಿನ ನೆರಳನ್ನು ನಾನು ಆ ವಾರ ನೋಡಿದಷ್ಟು ಮದುವೆಯಾದ ಇಷ್ಟು ವರ್ಷಗಳಲ್ಲಿ ನೋಡಿರಲಿಲ್ಲ. ಎ ಶುಭ್ರವಾಗಿತ್ತು. ಬಿ ಯಲ್ಲಿ ಕಣ್ಣಿನ ಕೆಳಗೆ, ತುಟಿಯ ಅಂಚಿನಲ್ಲಿ, ಕುತ್ತಿಗೆಯ ಪಕ್ಕದಲ್ಲಿ ಕಾಳು ಎದ್ದಿತ್ತು. ಎ ಯ ಬಣ್ಣ ಬೆಚ್ಚಗಿತ್ತು, ಬಿ ಯಲ್ಲಿ ಏನೋ ಬಿಗುವು. ನನ್ನ ಕಣ್ಣಿಗೆ ಯಾವ ಸಂಶಯವೂ ಉಳಿಯಲಿಲ್ಲ. ಆದರೂ ಮನಸ್ಸು ನಿಲ್ಲಲಿಲ್ಲ. ಎ ಯಾರದೋ ಎಂಬ ಭಯದಲ್ಲಿ ಎದ್ದು ಅಡುಗೆಮನೆಯವರೆಗೆ ಹೋಗಿ ಬರುವುದು, ಮತ್ತೆ ಹಿಗ್ಗಿಸುವುದು. ಕೊನೆಗೆ ವಿನಯಾಳನ್ನು ಕೂಗಿದೆ.

"ಇದರಲ್ಲಿ ಯಾವುದು ಚೆನ್ನಾಗಿದೆ?"

ಅವಳು ಬಗ್ಗಿ ನೋಡಿದಳು. "ಎರಡರಲ್ಲೂ ನಾನೇ ಇದ್ದೇನಲ್ಲ."

"ನಿನ್ನನ್ನು ನೋಡಬೇಡ. ನೆರಳನ್ನು ನೋಡು."

ಅವಳು ನನ್ನನ್ನೇ ನೋಡಿ, ಒಣಗಿದ ಬಟ್ಟೆ ಮಡಚಲು ಹೋದಳು.

ತೀರ್ಪಿನ ದಿನ ಶುಕ್ರವಾರ ಸಂಜೆ. ಶೆಟ್ಟರೂ ಪಾಟೀಲರೂ ಬೇರೆ ಬೇರೆಯಾಗಿ ಬಂದು ಸೋಫಾದ ಎರಡು ತುದಿಯಲ್ಲಿ ಕೂತರು. ವಿನಯಾ ಚಹಾ, ಅಂಬೊಡೆ ತಂದಿಟ್ಟು ಊಟದ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡಳು. ನಾನು ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸಿ ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಹಾಕಿದೆ. ಫಿಲ್ಮಿನ ಪೆಟ್ಟಿಗೆಯ ಮುಂದೆ ಹೊಸಬರಿಗೆ ಹೇಳಿಕೊಡುವ ಧ್ವನಿಯಲ್ಲಿ, ಎ ಯಲ್ಲಿ ನೆರಳು ಹೇಗೆ ಮೃದುವಾಗಿದೆ, ಬಿ ಯಲ್ಲಿ ಹೇಗೆ ಒಡೆದಿದೆ ಎಂದು ವಿವರಿಸಿ, "ನನ್ನ ಅಭಿಪ್ರಾಯದಲ್ಲಿ ಎ" ಎಂದೆ.

"ನಾನು ಆಗ್ಲೇ ಹೇಳಿದ್ದಲ್ವಾ" ಎಂದರು ಶೆಟ್ಟರು, ಅಂಬೊಡೆ ಮುರಿಯುತ್ತಾ. "ಎ ನನ್ನದು. ಆ ಚರ್ಮದ ಬಣ್ಣ ನೋಡಿದ್ರೆ ಗೊತ್ತಾಗ್ತದೆ. ಬಿ ಯಲ್ಲಿ ನೋಡಿ, ಅದೇ ಮೇಣ."

ಪಾಟೀಲರು ಚಹಾದ ಲೋಟ ಕೆಳಗಿಟ್ಟರು. "ಎ ನಿಮ್ಮದ ಹೆಂಗ ಆಗ್ತದ್ರಿ? ಅದು ನಂದು. ನಾ ದಿನಾ ನೋಡ್ತೀನಿ, ನನಗ ಗೊತ್ತಿಲ್ಲೇನು? ಬಿ ಮ್ಯಾಲ ರವಾ ಕಾಣಾಕತ್ತದಲ್ಲ, ಅದ ನಿಮ್ಮದು."

ತಿಂಗಳ ನಂತರ ಇಬ್ಬರೂ ಒಬ್ಬರಿಗೊಬ್ಬರು ನೇರವಾಗಿ ಆಡಿದ ಮೊದಲ ಮಾತು ಇದು. ನನಗೆ ಸಂತೋಷವಾಗಬೇಕಾಗಿತ್ತು. ಧ್ವನಿ ಏರುವ ಮೊದಲು ಫೋಟೋದೊಳಗಿನ ದಾಖಲೆ ತೆರೆಯುವುದು ಕ್ಷೇಮವೆನ್ನಿಸಿ ಎ ಯದನ್ನು ತೆರೆದೆ. ಶೆಟ್ಟರ ಕ್ಯಾಮೆರಾದ ಹೆಸರು ಬಂತು. ಶೆಟ್ಟರು ಸೋಫಾಕ್ಕೆ ಒರಗಿದರು. ಪಾಟೀಲರ ಮುಖ ಇಳಿದದ್ದನ್ನು ನೋಡಲಾರದೆ ಬಿ ಯದನ್ನೂ ತೆರೆದೆ. ಮತ್ತೆ ಶೆಟ್ಟರ ಕ್ಯಾಮೆರಾದ ಹೆಸರೇ ಬಂತು.

ನಾನು ಮುಚ್ಚಿ ಇನ್ನೊಮ್ಮೆ ತೆರೆದೆ. ಬದಲಾಗಲಿಲ್ಲ. ಕರೆಗಂಟೆಗೆ ಬಾಗಿಲು ತೆಗೆಯಲು ಓಡಿದ ನಾನು ತಿರುಗಿ ಬಂದು, ಆ ಕತ್ತಲೆಯಲ್ಲಿ, ಟೇಪು ಅಂಟಿಸಿದ ಎರಡು ಕರಿಯ ಕ್ಯಾಮೆರಾಗಳಲ್ಲಿ ಮೊದಲನೆಯದನ್ನೇ ಮತ್ತೆ ಕೈಗೆತ್ತಿಕೊಂಡಿದ್ದೆ. ಇನ್ನೊಂದು ಶೆಲ್ಫಿನಲ್ಲಿ ಉಪ್ಪಿನಕಾಯಿಯ ಪಕ್ಕ ತಣ್ಣಗೆ ಕೂತಿತ್ತು.

"ಅಂದ್ರ" ಎಂದರು ಪಾಟೀಲರು, "ನನ್ನ ಕ್ಯಾಮೆರಾ ಒಂದೂ ಫೋಟೋ ತಗದ ಇಲ್ಲ."

"ಇಲ್ಲ" ಎಂದೆ.

"ಹಾಗಾದ್ರೆ ಈ ಎ ಶುಭ್ರ, ಬಿ ಒಡೆದಿದೆ ಅಂತ ನೀವು ಇಷ್ಟು ಹೊತ್ತು ಹೇಳಿದ್ದು?" ಎಂದು ಶೆಟ್ಟರು ಕೇಳಿದರು.

ಮುಳುಗುವವನಿಗೆ ಆಗ ಒಂದು ಕಡ್ಡಿ ಸಿಕ್ಕಿತು. ಕ್ಯಾಮೆರಾದ ಒಳಗಿನ ಭಾಗ ಬಿಸಿಯೇರಿದರೆ ಕಾಳು ಹೆಚ್ಚಾಗುತ್ತದೆ ಎಂದು ಎಲ್ಲೋ ಓದಿದ್ದೆ. ಸ್ಟೋರ್ ರೂಮಿಗೆ ಏಸಿಯಿಲ್ಲ, ಅದೇ ಕ್ಯಾಮೆರಾ ಬಹಳ ಹೊತ್ತು ಓಡಿದೆ, ಆದ್ದರಿಂದ ಎರಡನೆಯ ಸಲ ಕಾಳು ಬಂದಿರಬೇಕು ಎಂದೆ. ನನ್ನ ಕಣ್ಣು ತಪ್ಪು ನೋಡಿಲ್ಲ ಎಂದು ಸಾಧಿಸುವುದೇ ಆಗ ನನಗೆ ಎಲ್ಲಕ್ಕಿಂತ ಮುಖ್ಯವಾಗಿತ್ತು.

ಪಾಟೀಲರು ತಲೆಯಾಡಿಸಿದರು. "ಹಂಗಾದ್ರ ಇದು ಕ್ಯಾಮೆರಾ ಪರೀಕ್ಷಾ ಅಲ್ರಿ, ನಿಮ್ಮ ಸ್ಟೋರ್ ರೂಮಿನ ಪರೀಕ್ಷಾ ಆತು."

ಶೆಟ್ಟರಿಗೆ ನಗು ತಡೆಯಲಾಗಲಿಲ್ಲ. ಪಾಟೀಲರೂ ನಕ್ಕರು. ಸೋಫಾದ ಎರಡು ತುದಿಯಲ್ಲಿದ್ದವರು ಹೇಗೋ ನಡುವಿಗೆ ಬಂದಿದ್ದರು. ಒಂದೇ ಕ್ಯಾಮೆರಾದ ಎರಡು ಚಿತ್ರಗಳಲ್ಲಿ ಒಂದನ್ನು ಹೊಗಳಿ ಒಂದನ್ನು ಬೈದ ಇಬ್ಬರಿಗೂ ನಾಚಿಕೆಯಾಗಬೇಕಿತ್ತು. ಆದರೆ ಅವರಿಗಿಂತ ದೊಡ್ಡ ಮೂರ್ಖ ಎದುರಿಗೇ ನಿಂತಿದ್ದುದರಿಂದ ಅವರ ಪಾಲಿನದನ್ನೂ ನನಗೇ ಬಿಟ್ಟುಕೊಟ್ಟರು. ನಗು ತಗ್ಗಿದ ಮೇಲೆ ಪಾಟೀಲರು ಟೀವಿಯಲ್ಲಿ ಇನ್ನೂ ನಿಂತಿದ್ದ ಬಿ ಚಿತ್ರವನ್ನು ನೋಡುತ್ತಾ, "ಅಕ್ಕಾರ, ಇದರಾಗ ನೀವು ಬಾಯಿ ತೆರದೀರಿ. ಏನೋ ಹೇಳಾಕತ್ತೀರಲ್ಲ" ಎಂದರು.

"ಶಾಲೆಯ ಕೆಲಸದ ವಿಷಯ ಹೇಳ್ತಿದ್ದೆ" ಎಂದಳು ವಿನಯಾ. "ಇಲ್ಲಿಯ ಶಾಲೆಯಲ್ಲಿ ಚಿಕ್ಕ ಮಕ್ಕಳ ಕ್ಲಾಸಿಗೆ ಟೀಚರ್ ಬೇಕಿತ್ತು. ನಾನು ಹೋಗಿ ಮಾತಾಡಿ ಬಂದಿದ್ದೆ. ಸೇರ್ಲಾ ಅಂತ ಇವರನ್ನು ಕೇಳ್ತಿದ್ದೆ. ಹೂಂ ಅಂದ್ರು. ಗಟ್ಟಿ ಮಾಡ್ಲಿಕ್ಕೆ ಇನ್ನೊಮ್ಮೆ ಕೇಳಿದೆ. ಹೂಂ ಅಂದ್ರು. ನಾಡಿದ್ದು ಭಾನುವಾರ ಸೇರುದು."

ಇಬ್ಬರೂ ಅವಳಿಗೆ ಒಳ್ಳೆಯದಾಗಲಿ ಎಂದರು, ನನಗೂ ಅಭಿನಂದನೆ ಹೇಳಿದರು. ನಾನು ಎಲ್ಲ ಗೊತ್ತಿದ್ದವನಂತೆ ಅದನ್ನು ಸ್ವೀಕರಿಸಿದೆ. ಅವರು ಹೊರಟಾಗ ಲಿಫ್ಟಿನವರೆಗೂ ಸ್ಟೋರ್ ರೂಮ್, ಸ್ಟೋರ್ ರೂಮ್ ಎಂದು ನಗುತ್ತಿದ್ದುದು ಕೇಳಿಸಿತು. ಪಾಟೀಲರು ಕ್ಯಾಮೆರಾ ಒಯ್ಯಲಿಲ್ಲ. "ಇರ್ಲಿ ಬಿಡ್ರಿ. ಅದಕ್ಕೂ ಒಂದು ಛಾನ್ಸ್ ಕೊಡ್ರಿ" ಎಂದು ನನ್ನ ಕೈಗೇ ಇಟ್ಟು ಹೋದರು.

ಬಾಗಿಲು ಹಾಕಿ ಬಂದು ಟೀವಿಯ ಮುಂದೆ ನಿಂತೆ. ಬಿ ಇನ್ನೂ ಅಲ್ಲೇ ಇತ್ತು. ವಾರವಿಡೀ ನಾನು ಆ ತುಟಿಯ ಅಂಚನ್ನು ನಾಲ್ಕರಷ್ಟು ಹಿಗ್ಗಿಸಿ ಬೈದಿದ್ದೆ. ಆ ತುಟಿ ನನ್ನನ್ನು ಏನೋ ಕೇಳುತ್ತಿದೆ ಎಂಬುದು ಹಿಗ್ಗಿಸದೆ ನೋಡಿದ ಪಾಟೀಲರಿಗೆ ಕಂಡಿತು. ಮಗಳು ಕಳೆದ ವರ್ಷ ಮಂಗಳೂರಿನ ಹಾಸ್ಟೆಲ್ ಸೇರಿದ ಮೇಲೆ ವಿನಯಾ ಬೆಳಗಿನಿಂದ ಸಂಜೆಯವರೆಗೆ ಈ ಫ್ಲಾಟಿನಲ್ಲಿ ಒಬ್ಬಳೇ. ಮದುವೆಗೆ ಮೊದಲು ಕಾರ್ಕಳದಲ್ಲಿ ಟೀಚರ್ ಆಗಿದ್ದವಳು. ನಾನು ಸಂಜೆ ಬಂದು ಏಸಿಯ ಕೆಳಗೆ ಕೂತು ಕಾರಿನ ಜಗಳ ಹೇಳುತ್ತಿದ್ದೆ, ಅವಳು ಕೇಳುತ್ತಿದ್ದಳು.

"ಬಿ ಯಲ್ಲಿ ನಿನ್ನ ಮುಖದಲ್ಲಿ ಏನೋ ಬಿಗುವು ಇದೆ ಅಂತ ನನಗೆ ಗೊತ್ತಾಗಿತ್ತು" ಎಂದೆ. ಸಮಾಧಾನಕ್ಕೆ ಹೇಳಿದ್ದು.

"ಅದಕ್ಕೆ ನೀವು ಕ್ಯಾಮೆರಾವನ್ನು ಬೈದ್ರಿ" ಎಂದು ಅವಳು ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿದ್ದರೆ ನನಗೆ ಇನ್ನೂ ಸುಲಭವಾಗುತ್ತಿತ್ತು. ಹಿಂದೆ ಹೋಗಿ ಲೋಟ ತೊಳೆದೆ. ಅವಳು ಬೇಡವೆನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಹೊಸ ಸೀರೆಯುಟ್ಟು, ತಿಂಡಿಯ ಡಬ್ಬಿ ಚೀಲದಲ್ಲಿಟ್ಟುಕೊಂಡು, ನನಗಿಂತ ಮೊದಲೇ ಕೆಳಗಿಳಿದಿದ್ದಳು. ಶಾಲೆಯ ವ್ಯಾನು ಅವಳಿಗೆ, ಶೆಟ್ಟರ ಕಾರು ನನಗೆ, ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬರುವುದಿತ್ತು. ಈ ದಿನದ ಒಂದು ಫೋಟೋ ಆಗಲೇಬೇಕೆಂದು ಪಾಟೀಲರ ಕ್ಯಾಮೆರಾ ಹಿಡಿದು ಓಡಿದೆ. ಸೂರ್ಯ ಆಗಲೇ ಎದುರು ಕಟ್ಟಡದ ಮೇಲೆ ಬಂದು ಬೀದಿಯಿಡೀ ಬೆಳಗುತ್ತಿತ್ತು. ಅವಳು ಗೇಟಿನ ಪಕ್ಕ ನಿಂತು ಕಣ್ಣು ಸ್ವಲ್ಪ ಕಿರಿದು ಮಾಡಿ ನಕ್ಕಳು. ಆ ನಗು ನಾನು ಇತ್ತೀಚೆಗೆ ಕಂಡದ್ದಲ್ಲ. ಒತ್ತಿದೆ. ಅಷ್ಟರಲ್ಲಿ ವ್ಯಾನು ಬಂತು, ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ "ಯಲ್ಲಾ ಟೀಚರ್, ಯಲ್ಲಾ" ಎಂದು ಅವಸರಪಡಿಸಿದ. ಅವಳು ಟೀಚರ್ ಎಂಬ ಮಾತು ಕೇಳಿ ಒಮ್ಮೆ ನನ್ನ ಕಡೆ ತಿರುಗಿ ನೋಡಿ ಹತ್ತಿದಳು. ನಮ್ಮ ಕಾರ್ಖಾನೆಯ ಗೇಟಿನೊಳಗೆ ಕ್ಯಾಮೆರಾ ಬಿಡುವುದಿಲ್ಲ. ಅದನ್ನು ಮನೆಯಲ್ಲಿಟ್ಟು ಬರಲು ಲಿಫ್ಟಿನಲ್ಲಿ ಮೇಲೆ ಹೋಗುತ್ತಾ ಫೋಟೋ ನೋಡಿದೆ.

ಬಿಳಿ. ಬರೀ ಬಿಳಿ. ಆತುರದಲ್ಲಿ ಐಎಸ್ಒ ಎಲ್ಲಿದೆಯೆಂದು ನೋಡದೆ ಒತ್ತಿದ್ದೆ. ಹೋಟೆಲಿನ ಕತ್ತಲೆಗೆಂದು ಪಾಟೀಲರು ತುತ್ತತುದಿಗೆ ಏರಿಸಿಟ್ಟಿದ್ದ ಸಂಖ್ಯೆಗೆ ದೋಹಾದ ಬೆಳಗಿನ ಬಿಸಿಲು ಸುರಿದಿತ್ತು. ಗೇಟೂ ಇಲ್ಲ, ಸೀರೆಯೂ ಇಲ್ಲ, ವಿನಯಾಳೂ ಇಲ್ಲ. ಹುಡುಕಿದರೂ ಅದರಲ್ಲಿ ಒಂದು ಕಾಳಿರಲಿಲ್ಲ. ಇಷ್ಟು ಶುಭ್ರವಾದ ಚಿತ್ರವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

ಕಾರಿನಲ್ಲಿ ಪಾಟೀಲರು ಈಗ ಮುಂದಿನ ಸೀಟಿಗೆ ಹೋಗಿದ್ದರು. ಶೆಟ್ಟರೂ ಅವರೂ ಮರಳುಗಾಡಿಗೆ ಹೋಗಿ ಸೂರ್ಯೋದಯದ ಫೋಟೋ ತೆಗೆಯುವ ಯೋಜನೆ ಹಾಕುತ್ತಿದ್ದರು. ಹಿಂದಿನ ಸೀಟು ಪೂರ್ತಿ ನನ್ನದು. "ನನ್ನ ಕ್ಯಾಮೆರಾಕ್ಕ ಛಾನ್ಸ್ ಕೊಟ್ರೇನ್ರಿ? ಫೋಟೋ ಹೆಂಗ ಬಂತ್ರಿ ಸದಾಶಿವರ?" ಎಂದು ಪಾಟೀಲರು ಹಿಂದಕ್ಕೆ ತಿರುಗಿ ಕೇಳಿದರು. ಒಂದು ಕಾಳೂ ಇಲ್ಲ ಎಂದೆ. ಅವರಿಗೆ ಬಹಳ ಸಂತೋಷವಾಯಿತು. ಶೆಟ್ಟರ ಕಾರಿನ ವೇಗ ಮಾತ್ರ ಸ್ವಲ್ಪ ಹೆಚ್ಚಾಯಿತು.

ಮಧ್ಯಾಹ್ನ ನನ್ನ ಫಿಲ್ಮಿನ ಪೆಟ್ಟಿಗೆಯ ಮುಂದೆ ಕೂತಿದ್ದಾಗ ವಿನಯಾಳ ಸಂದೇಶ ಬಂತು. ಮಕ್ಕಳು ಒಳ್ಳೆಯವರಂತೆ, ಒಬ್ಬ ಮಾತ್ರ ಅವಳ ಸೆರಗು ಬಿಡುವುದಿಲ್ಲವಂತೆ. ಬೆಳಗಿನ ಫೋಟೋ ಕಳಿಸಿ, ಮಗಳು ಕೇಳುತ್ತಿದ್ದಾಳೆ. ನಾನು ಬಹಳ ಹೊತ್ತು ಯೋಚಿಸಿ ಬರೆದೆ: ಸ್ವಲ್ಪ ನಾಯ್ಸ್ ಬಂದಿದೆ, ಸರಿಮಾಡಿ ಕಳಿಸುತ್ತೇನೆ.

ಅವಳ ಉತ್ತರ ಕೂಡಲೇ ಬಂತು. ರವೆ ಇದ್ದರೂ ಅಡ್ಡಿಯಿಲ್ಲ, ಹಾಗೆಯೇ ಕಳಿಸಿ, ನನ್ನ ಗುರುತು ಸಿಕ್ಕಿದರೆ ಸಾಕು.